ಹೊಳೆ ಉಕ್ಕುವ ಕಾಲಕ್ಕೆ ಯಂತ್ರದ ಮಾತು: ಸರ್ಕಾರಿ ಕೆಲಸದಲ್ಲಿ ಕೃತಕ ಬುದ್ಧಿಮತ್ತೆಯನ್ನು ನ್ಯಾಯವಾಗಿ ಬಳಸುವ ಬಗೆ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಗ್ರಾಮ ಪಂಚಾಯಿತಿ ಸದಸ್ಯರು, ಪಿಡಿಒಗಳು, ನಾಡಕಚೇರಿಯ ಸಿಬ್ಬಂದಿ ಮತ್ತು ಪ್ರವಾಹ ಬಂದಾಗ ಸ್ವಯಂಸೇವೆಗೆ ನಿಲ್ಲುವ ಯುವಕರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮುನ್ನೆಚ್ಚರಿಕೆ ಕೊಡಲು, ಬೆಳೆಹಾನಿಯ ಪಟ್ಟಿ ಮಾಡಲು, ಅಹವಾಲುಗಳನ್ನು ವಿಂಗಡಿಸಲು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಅವನ್ನು ನಾವು ಬಳಸಬಹುದೇ, ಬಳಸಿದರೆ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಕ್ರಮವಾಗಿ ಒಂದೆಡೆ ಬರೆದಿಡುವುದು ಉಪಯುಕ್ತವೆಂದು ಈ ಲೇಖನ. ಉದಾಹರಣೆಗಳನ್ನೆಲ್ಲ ಕಾವೇರಿ ಮತ್ತು ಕಪಿಲೆಯ (ಕಬಿನಿಯ) ದಡದಿಂದಲೇ ಆರಿಸಿಕೊಂಡಿದ್ದೇನೆ.

ಬಳಸಬಹುದು ಎಂಬುದೇ ನನ್ನ ಉತ್ತರ, ಆದರೆ ಒಂದು ಷರತ್ತಿನ ಮೇಲೆ. ಯಂತ್ರವು, ಅಂದರೆ ಈ ತಂತ್ರಾಂಶವು, ಪಟ್ಟಿಗೆ ಹೆಸರನ್ನು ಸೇರಿಸಬಹುದು, ಪಟ್ಟಿಯಿಂದ ಹೆಸರನ್ನು ತೆಗೆಯಬಾರದು. ಎಚ್ಚರಿಕೆಯ ಮಟ್ಟವನ್ನು ಏರಿಸಲು ಸೂಚಿಸಬಹುದು, ಇಳಿಸಲು ಅದರ ಮಾತೊಂದೇ ಸಾಲದು. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ನಿಯಮವನ್ನು ಕಚೇರಿಯ ದಿನನಿತ್ಯದ ಕೆಲಸಕ್ಕೆ ಹೊಂದಿಸುವ ದಾರಿಗಳೇ ಆಗಿವೆ.

ಮೊದಲು ಕೆಲವು ಪದಗಳ ಅರ್ಥ

ಕೃತಕ ಬುದ್ಧಿಮತ್ತೆ ಎಂದರೆ ಇಲ್ಲಿ ಹಳೆಯ ದಾಖಲೆಗಳಿಂದ ಮಾದರಿಗಳನ್ನು ಗುರುತಿಸಿ ಹೊಸ ಸಂಗತಿಯ ಬಗ್ಗೆ ಅಂದಾಜು ಹೇಳುವ ತಂತ್ರಾಂಶ. ಅದಕ್ಕೆ ಕಲಿಸಲು ಬಳಸಿದ ದಾಖಲೆಗಳೇ ತರಬೇತಿ ದತ್ತಾಂಶ. ಭಾಷಾ ಮಾದರಿ ಎಂಬುದು ನಾವು ಕೇಳಿದ್ದಕ್ಕೆ ವಾಕ್ಯಗಳಲ್ಲಿ ಉತ್ತರ ಬರೆಯುವ ಬಗೆಯದು; ಚಾಟ್‌ಜಿಪಿಟಿ ಅದಕ್ಕೆ ಪರಿಚಿತ ಉದಾಹರಣೆ. ಆಪತ್ತು ಬಂದೂ ಯಂತ್ರ ಹೇಳದೆ ಹೋದರೆ ಅದನ್ನು 'ತಪ್ಪಿದ ಎಚ್ಚರಿಕೆ' ಎಂದೂ, ಬಾರದ ಆಪತ್ತನ್ನು ಬರುತ್ತದೆಂದರೆ 'ಹುಸಿ ಎಚ್ಚರಿಕೆ' ಎಂದೂ ಈ ಲೇಖನದಲ್ಲಿ ಕರೆದಿದ್ದೇನೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಹರಿಯುವ ಪ್ರಮಾಣ.

ಆರಂಭಿಸುವ ಮುನ್ನ ನಿಮ್ಮ ಬಳಿ ನಾಲ್ಕು ಇರಬೇಕು: ಯಾವ ಕೆಲಸಕ್ಕೆ ಯಂತ್ರವನ್ನು ಬಳಸುತ್ತೀರೆಂಬ ಲಿಖಿತ ಆದೇಶ, ಅದಕ್ಕೆ ಹೊಣೆಯಾಗುವ ಒಬ್ಬ ಅಧಿಕಾರಿಯ ಹೆಸರು ಮತ್ತು ಹುದ್ದೆ, ಹಿಂದಿನ ಕನಿಷ್ಠ ಮೂರು ಪ್ರವಾಹಗಳ ಕಡತ, ಯಂತ್ರ ಕೆಟ್ಟ ದಿನ ಅನುಸರಿಸಬೇಕಾದ ಕೈಬರಹದ ಕ್ರಮ. ಇವುಗಳಲ್ಲಿ ಒಂದಿಲ್ಲದಿದ್ದರೂ ಆ ವರ್ಷ ಯಂತ್ರವನ್ನು ಪ್ರಯೋಗಕ್ಕೆ ಮಾತ್ರ ಇಟ್ಟುಕೊಳ್ಳಿ, ನಿರ್ಧಾರಕ್ಕೆ ಬಳಸಬೇಡಿ.

ಹಂತ 1: ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಪ್ರವಾಹ ನಿರ್ವಹಣೆಗೆ ಕೃತಕ ಬುದ್ಧಿಮತ್ತೆ" ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. "ಕಬಿನಿ ಜಲಾಶಯದ ಹೊರಹರಿವನ್ನು ನೋಡಿ, ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗುವ ಸಾಧ್ಯತೆಯನ್ನು ಕೆಲವು ಗಂಟೆ ಮೊದಲು ತಹಶೀಲ್ದಾರರಿಗೆ ತಿಳಿಸುವುದು" ಎಂದು ಬರೆದರೆ ಅದು ಕೆಲಸ. ಬರೆದ ವಾಕ್ಯದ ಕೆಳಗೆ, ಯಂತ್ರ ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂಬುದನ್ನು ಮತ್ತೊಂದು ವಾಕ್ಯದಲ್ಲಿ ಬರೆಯಿರಿ.

ಬಳಿಕ ಆ ಕೆಲಸ ಮೂರರಲ್ಲಿ ಯಾವ ಬಗೆಯದು ಎಂದು ಗುರುತಿಸಿ. ಯಂತ್ರ ಮಾಹಿತಿಯನ್ನಷ್ಟೇ ಹೇಳುತ್ತದೆಯೇ, ಅರ್ಜಿಗಳನ್ನೋ ಕರೆಗಳನ್ನೋ ಆದ್ಯತೆಯಂತೆ ವಿಂಗಡಿಸುತ್ತದೆಯೇ, ಅಥವಾ ಯಾರಿಗೆ ಪರಿಹಾರ ಸಿಗಬೇಕೆಂದು ನಿರ್ಧರಿಸುತ್ತದೆಯೇ? ಮೊದಲನೆಯದಕ್ಕೆ ಸಾಧಾರಣ ಎಚ್ಚರ ಸಾಕು. ಎರಡನೆಯದರಲ್ಲಿ ಅಪಾಯ ಮರೆಯಲ್ಲಿರುತ್ತದೆ, ಏಕೆಂದರೆ ವಿಂಗಡಣೆಯಲ್ಲಿ ಕೊನೆಗೆ ತಳ್ಳಿದ ಕರೆಗೆ ಆ ರಾತ್ರಿ ಉತ್ತರ ಸಿಗದೆಯೇ ಹೋಗಬಹುದು. ಐರೋಪ್ಯ ಒಕ್ಕೂಟದಲ್ಲಿ 2024ರ ಆಗಸ್ಟ್ 1ರಂದು ಜಾರಿಗೆ ಬಂದ ಕೃತಕ ಬುದ್ಧಿಮತ್ತೆಯ ಕಾನೂನು, ತುರ್ತು ಕರೆಗಳನ್ನು ತೂಗಿ ವರ್ಗೀಕರಿಸುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ಸಾಲಿಗೇ ಸೇರಿಸಿದೆ. ಮೂರನೆಯ ಬಗೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣವನ್ನು ಆರನೆಯ ಹಂತದಲ್ಲಿ ವಿವರಿಸಿದ್ದೇನೆ.

ಹಂತ 2: ಕಾನೂನಿನ ನೆಲೆಯನ್ನು ಕಡತದಲ್ಲಿ ದಾಖಲಿಸಿ

ವಿಪತ್ತು ನಿರ್ವಹಣಾ ಕಾಯ್ದೆ, 2005ರ 25ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಪ್ರಾಧಿಕಾರವಿದ್ದು, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಎಚ್ಚರಿಕೆ ಹೊರಡಬೇಕಾದದ್ದು ಈ ವ್ಯವಸ್ಥೆಯ ಮೂಲಕವೇ. ಸ್ವಯಂಸೇವಕರು ಇಲ್ಲಿ ಎಡವುವುದುಂಟು. ಮೊಬೈಲಿನಲ್ಲಿ ಯಾವುದೋ ಮಾದರಿ ತೋರಿಸಿದ ಅಂದಾಜನ್ನು "ಇಂದು ರಾತ್ರಿ ಊರು ಮುಳುಗುತ್ತದೆ" ಎಂದು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿಬಿಡುತ್ತಾರೆ. ವಿಪತ್ತಿನ ಬಗ್ಗೆ ಜನರಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಹರಡುವುದು ಅದೇ ಕಾಯ್ದೆಯ 54ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ನಿಮಗೆ ಅನುಮಾನ ಬಂದರೆ ಮೊದಲು ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಿ.

ಜನರ ಮಾಹಿತಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ನೆನಪಿಡಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮ್ಮ ನಾಡಿನವರು ತಿಳಿದಿರಬೇಕಾದ ಸಂಗತಿ. ಆ ತೀರ್ಪಿನ ಪ್ರಕಾರ ಸರ್ಕಾರ ಒಬ್ಬರ ಮಾಹಿತಿಗೆ ಕೈಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ತೆಗೆದುಕೊಳ್ಳುವ ಮಾಹಿತಿ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಎರಡನೆಯದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ವಿಪತ್ತಿನ ಸಮಯದಲ್ಲಿ ಜನರ ಸುರಕ್ಷತೆಗಾಗಿ, ನೆರವು ನೀಡುವುದಕ್ಕಾಗಿ ಒಪ್ಪಿಗೆ ಪಡೆಯದೆಯೂ ಮಾಹಿತಿಯನ್ನು ಬಳಸಲು ಈ ಕಾಯ್ದೆ ಅವಕಾಶ ಕೊಡುತ್ತದೆ. ಅವಕಾಶ ಇರುವುದು ಆ ಸುರಕ್ಷತೆಗೆ ಮತ್ತು ಆ ನೆರವಿಗೆ ಮಾತ್ರ. ಕಾಳಜಿ ಕೇಂದ್ರದಲ್ಲಿ, ಅಂದರೆ ಸಂತ್ರಸ್ತರ ತಾತ್ಕಾಲಿಕ ಶಿಬಿರದಲ್ಲಿ, ಬರೆದುಕೊಂಡ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಗರ್ಭಿಣಿಯರ ವಿವರಗಳು ಮುಂದೆ ಬೇರೊಂದು ಯೋಜನೆಯ ಫಲಾನುಭವಿಗಳನ್ನು ಜರಡಿ ಹಿಡಿಯಲು ಬಳಕೆಯಾದರೆ ಅದು ನಂಬಿಕೆದ್ರೋಹವೇ ಸರಿ.

ಉಚಿತವಾಗಿ ಸಿಗುವ ಚಾಟ್ ತಂತ್ರಾಂಶಗಳಿಗೆ ಕಚೇರಿಯ ಕಡತವನ್ನು ಹಾಕಿ "ಸಾರಾಂಶ ಬರೆದುಕೊಡು" ಎನ್ನುವ ಅಭ್ಯಾಸವನ್ನು ಕೂಡಲೇ ನಿಲ್ಲಿಸಿ. ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ತಂತ್ರಾಂಶಗಳನ್ನು ಕಚೇರಿಯ ಕಂಪ್ಯೂಟರುಗಳಲ್ಲಿ ಬಳಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿಯೇ ತನ್ನ ಸಿಬ್ಬಂದಿಗೆ ಸೂಚಿಸಿತ್ತು. ಸಂತ್ರಸ್ತರ ಪಟ್ಟಿ ಒಮ್ಮೆ ಹೊರಗಿನ ಸರ್ವರಿಗೆ ಹೋದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಹಂತ 3: ದಾಖಲೆಯಲ್ಲಿ ಯಾರು ಇಲ್ಲ ಎಂಬುದನ್ನು ಹುಡುಕಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಯಂತ್ರಕ್ಕೆ ಕಾಣುವುದು ದಾಖಲೆಯಲ್ಲಿರುವವರು ಮಾತ್ರ, ಆದರೆ ನಮ್ಮ ಊರುಗಳಲ್ಲಿ ಹೊಳೆಯ ಅಂಚಿನಲ್ಲಿ ಬದುಕುವ ಬಹಳ ಮಂದಿ ದಾಖಲೆಯ ಹೊರಗೇ ಇದ್ದಾರೆ.

ಪಹಣಿಯನ್ನೇ ತೆಗೆದುಕೊಳ್ಳಿ. ಅಜ್ಜನ ಕಾಲಾನಂತರ ಪೌತಿ ಖಾತೆ ಆಗದೆ ಉಳಿದ ಜಮೀನುಗಳು, ಅಂದರೆ ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗದ ಜಮೀನುಗಳು, ಪ್ರತಿ ಹೋಬಳಿಯಲ್ಲೂ ಇವೆ. ಬೆಳೆ ಇಟ್ಟವನು ಮೊಮ್ಮಗ, ಪಹಣಿಯಲ್ಲಿರುವುದು ಅಜ್ಜನ ಹೆಸರು. ಗುತ್ತಿಗೆಗೋ ವಾರಕ್ಕೋ (ಬೆಳೆಯ ಪಾಲಿಗೆ) ಗದ್ದೆ ಮಾಡುವವರ ಹೆಸರಂತೂ ಎಲ್ಲಿಯೂ ಇರುವುದಿಲ್ಲ. ಬೆಳೆಹಾನಿಯ ಪರಿಹಾರ ಹೋಗುವುದು ಸರ್ಕಾರದ 'ಪರಿಹಾರ' ಎಂಬ ಹೆಸರಿನ ತಂತ್ರಾಂಶದ ಮೂಲಕ. ಅದಕ್ಕೆ ಫ್ರೂಟ್ಸ್ ಎಂಬ ರೈತರ ನೋಂದಣಿ ವ್ಯವಸ್ಥೆಯ ಗುರುತಿನ ಸಂಖ್ಯೆ ಬೇಕು. ಹೀಗಾಗಿ ಈ ದಾಖಲೆಗಳ ಮೇಲೆ ಕಲಿತ ಯಂತ್ರ, ನಷ್ಟ ಅನುಭವಿಸಿದ ಮನುಷ್ಯನನ್ನು ಬಿಟ್ಟು ಪಹಣಿಯಲ್ಲಿ ಹೆಸರಿರುವ ಮನುಷ್ಯನನ್ನು ಹುಡುಕುತ್ತದೆ. ಹೆಸರಿನ ಕಾಗುಣಿತವೂ ಇಷ್ಟೇ ತೊಡಕಿನದು: ಒಂದು ದಾಖಲೆಯಲ್ಲಿ ಸಿದ್ದೇಗೌಡ, ಇನ್ನೊಂದರಲ್ಲಿ ಸಿದ್ಧೇಗೌಡ, ಬ್ಯಾಂಕಿನ ಪುಸ್ತಕದಲ್ಲಿ ಎಸ್. ಗೌಡ ಎಂದಿದ್ದರೆ ಯಂತ್ರಕ್ಕೆ ಅವರು ಮೂವರು.

ಮಂಡ್ಯದ ಆಲೆಮನೆಗಳಲ್ಲಿ ದುಡಿಯಲು ಉತ್ತರ ಭಾರತದಿಂದ ಬಂದ ಕೂಲಿಗಳು, ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳು, ಹೊಳೆಯಲ್ಲಿ ಮೀನು ಹಿಡಿಯುವವರು, ಅಲೆಮಾರಿಗಳು ಯಾವ ಗ್ರಾಮದ ಪಟ್ಟಿಯಲ್ಲೂ ಇರುವುದಿಲ್ಲ. ಅವರಲ್ಲಿ ಹಲವರಿಗೆ ಕನ್ನಡದ ಎಚ್ಚರಿಕೆ ಅರ್ಥವಾಗುವುದೂ ಇಲ್ಲ. ಮಳೆಗಾಲಕ್ಕೆ ಮುಂಚೆಯೇ ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ ಮತ್ತು ನೀರಗಂಟಿ ಮೂವರನ್ನೂ ಕೂರಿಸಿಕೊಂಡು, ಯಾರು ಎಲ್ಲಿದ್ದಾರೆ ಎಂಬುದನ್ನು ಕೈಯಲ್ಲೇ ಬರೆದುಕೊಳ್ಳಿ. ಯಾವ ತಂತ್ರಾಂಶವೂ ಕೊಡಲಾರದ ದತ್ತಾಂಶ ಅದು.

ಊರಿನ ಹೆಸರುಗಳ ಬಗ್ಗೆಯೂ ಒಂದು ಮಾತು. ಹೊಸಹಳ್ಳಿ, ಹೊಸೂರು, ಕೊಪ್ಪಲು, ಹುಂಡಿ ಎಂಬ ಹೆಸರುಗಳು ನಮ್ಮ ಎರಡು ಜಿಲ್ಲೆಗಳಲ್ಲಿ ತಾಲ್ಲೂಕು ತಾಲ್ಲೂಕಿಗೂ ಸಿಗುತ್ತವೆ. 112ಕ್ಕೆ ಕರೆ ಮಾಡಿದವರು ಗಾಬರಿಯಲ್ಲಿ "ಹೊಸಳ್ಳಿ" ಎಂದಷ್ಟೇ ಹೇಳಿದರೆ, ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ತನಗೆ ಹೆಚ್ಚು ಪರಿಚಿತವಾದ ಹೊಸಹಳ್ಳಿಯನ್ನೇ ಆರಿಸಿಕೊಳ್ಳುತ್ತದೆ. "ನೀರ್ ಬಂದ್ಬುಡ್ತು ಕಣಣ್ಣ, ದನ ಅಲ್ಲೇ ಅವೆ" ಎಂಬ ಮಂಡ್ಯದ ಮಾತನ್ನು ಪುಸ್ತಕದ ಕನ್ನಡ ಕಲಿತ ಯಂತ್ರ ಸರಿಯಾಗಿ ಹಿಡಿಯುತ್ತದೆಯೇ ಎಂಬುದನ್ನು ನಿಮ್ಮ ತಾಲ್ಲೂಕಿನ ಐವತ್ತು ಜನರ ದನಿಯಲ್ಲಿ ಪರೀಕ್ಷಿಸದೆ ಒಪ್ಪಿಕೊಳ್ಳಬೇಡಿ. ಆ ಐವತ್ತರಲ್ಲಿ ವಯಸ್ಸಾದ ಹೆಂಗಸರ ದನಿಯೂ ಇರಲಿ.

ಹಂತ 4: ಹಳೆಯ ಪ್ರವಾಹಗಳ ಮೇಲೆ ಯಂತ್ರವನ್ನು ಪರೀಕ್ಷಿಸಿ

ತಂತ್ರಾಂಶ ಮಾರುವವರು "ನೂರಕ್ಕೆ ತೊಂಬತ್ತೈದರಷ್ಟು ನಿಖರ" ಎನ್ನುತ್ತಾರೆ. ಈ ಮಾತು ಏಕೆ ಸಾಲದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಿರಿ. ಮಳೆಗಾಲದ 120 ದಿನಗಳಲ್ಲಿ 4 ದಿನ ಪ್ರವಾಹ ಬಂತು ಎಂದಿಟ್ಟುಕೊಳ್ಳಿ. ಏನೂ ಕಲಿಯದ ಒಂದು ಯಂತ್ರ ಪ್ರತಿದಿನವೂ "ಪ್ರವಾಹ ಇಲ್ಲ" ಎಂದೇ ಹೇಳುತ್ತಿದ್ದರೆ 116 ದಿನ ಅದರ ಮಾತು ಸರಿಯಾಗಿರುತ್ತದೆ. ನಿಖರತೆ ನೂರಕ್ಕೆ ಸುಮಾರು 97. ಆದರೆ ಬೇಕಾದ ನಾಲ್ಕೂ ದಿನ ಅದು ಕೈಕೊಟ್ಟಿರುತ್ತದೆ. ಆದ್ದರಿಂದ ಒಟ್ಟು ನಿಖರತೆಯನ್ನು ಬದಿಗಿಟ್ಟು ಎರಡೇ ಅಂಕಿಗಳನ್ನು ಕೇಳಿ: ಪ್ರವಾಹದ ದಿನಗಳಲ್ಲಿ ಎಷ್ಟನ್ನು ಮೊದಲೇ ಹೇಳಿತು, ಕೊಟ್ಟ ಎಚ್ಚರಿಕೆಗಳಲ್ಲಿ ಎಷ್ಟು ಹುಸಿಯಾದವು. ಮೊದಲನೆಯದು ಕಡಿಮೆಯಾದರೆ ಜೀವ ಹೋಗುತ್ತದೆ, ಎರಡನೆಯದು ಹೆಚ್ಚಾದರೆ ಮುಂದಿನ ವರ್ಷ ಯಾರೂ ಎಚ್ಚರಿಕೆಗೆ ಕಿವಿಗೊಡುವುದಿಲ್ಲ. ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಕಂಪನಿ ತೀರ್ಮಾನಿಸಬಾರದು; ಜಿಲ್ಲಾ ಪ್ರಾಧಿಕಾರ ಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಬೇಕು.

ಪರೀಕ್ಷೆಗೆ 2018, 2019 ಮತ್ತು 2024ರ ಪ್ರವಾಹಗಳ ದಾಖಲೆ ನಿಮ್ಮ ಕಚೇರಿಗಳಲ್ಲಿವೆ. ಆ ದಿನಗಳ ಮಾಹಿತಿಯನ್ನು ಮಾತ್ರ ಕೊಟ್ಟು, ಮುಂದೆ ಏನಾಯಿತೆಂಬುದನ್ನು ಮುಚ್ಚಿಟ್ಟು, ಯಂತ್ರ ಏನು ಹೇಳುತ್ತದೆ ನೋಡಿ.

ಇಲ್ಲಿ ನಮ್ಮ ಭಾಗದ್ದೇ ಆದ ಒಂದು ವಿಶೇಷವಿದೆ. ಶ್ರೀರಂಗಪಟ್ಟಣಕ್ಕೆ ನೀರು ನುಗ್ಗುವ ದಿನ ಶ್ರೀರಂಗಪಟ್ಟಣದಲ್ಲಿ ಬಿಸಿಲಿರಬಹುದು. ಮಳೆ ಬೀಳುವುದು ಭಾಗಮಂಡಲ, ತಲಕಾವೇರಿಯ ಕಡೆ. ಹಾರಂಗಿ, ಹೇಮಾವತಿ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಕನ್ನಂಬಾಡಿ ಕಟ್ಟೆಗೆ (ಕೆಆರ್‌ಎಸ್) ಬರುತ್ತದೆ. ಕಟ್ಟೆಯ ಮಟ್ಟ 124.80 ಅಡಿಯ ಸಮೀಪಕ್ಕೆ ಬಂದ ಮೇಲೆ ಒಳಹರಿವಿನಷ್ಟನ್ನೂ ಗೇಟುಗಳ ಮೂಲಕ ಕೆಳಕ್ಕೆ ಬಿಡಲೇಬೇಕಾಗುತ್ತದೆ. 2024ರ ಆಗಸ್ಟ್ ಆರಂಭದಲ್ಲಿ ಹೊರಹರಿವು ಒಂದು ಲಕ್ಷ ಕ್ಯುಸೆಕ್ ದಾಟಿದಾಗ ನಡೆದದ್ದು ಇದೇ. ಕಪಿಲೆಯ ಕಥೆಯೂ ಹೀಗೆಯೇ: ಮಳೆ ಕೇರಳದ ವಯನಾಡಿನಲ್ಲಿ, ಕಟ್ಟೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ, ನೀರು ನಿಲ್ಲುವುದು ನಂಜನಗೂಡಿನಲ್ಲಿ. ಆದ್ದರಿಂದ ಸ್ಥಳೀಯ ಮಳೆಯ ಲೆಕ್ಕವನ್ನಷ್ಟೇ ಕಲಿತ ಯಂತ್ರ ನಮ್ಮ ಹೊಳೆದಂಡೆಗೆ ಕೆಲಸಕ್ಕೆ ಬರುವುದಿಲ್ಲ. ಗೇಟು ಎತ್ತುವುದು ಒಬ್ಬ ಎಂಜಿನಿಯರ್ ತೆಗೆದುಕೊಳ್ಳುವ ನಿರ್ಧಾರವಾದುದರಿಂದ, ಜಲಾಶಯದ ಅಧಿಕಾರಿಗಳು ನೀರು ಬಿಡುವ ಯೋಜನೆಯನ್ನು ಗಂಟೆಗಂಟೆಗೂ ಹಂಚಿಕೊಳ್ಳುವ ಲಿಖಿತ ಏರ್ಪಾಡು ಮೊದಲು ಆಗಲಿ, ಯಂತ್ರ ಆಮೇಲೆ ಬರಲಿ. ಇದಕ್ಕೆ ವ್ಯತಿರಿಕ್ತವಾಗಿ, ಕೆರೆ ಕೋಡಿ ಬಿದ್ದು ಅಥವಾ ಏರಿ ಒಡೆದು ಬರುವ ನೀರು ಸ್ಥಳೀಯ ಮಳೆಯದೇ. ಅದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಗಳು ಬಹಳ ಉಪಯುಕ್ತ. ಎರಡು ಬಗೆಯ ನೀರಿಗೂ ಒಂದೇ ಮಾದರಿ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಂತ 5: ಸಹಿ ಹಾಕುವವರು ಯಾರೆಂದು ಗೊತ್ತುಮಾಡಿ, ಅವರಿಗೆ ಬೇಡವೆನ್ನುವ ಸಮಯ ಕೊಡಿ

ಯಂತ್ರದ ಪ್ರತಿ ಸೂಚನೆಯೂ ಹೆಸರುಳ್ಳ ಒಬ್ಬ ಅಧಿಕಾರಿಯ ಮುಂದೆ ಬರಬೇಕು; ಅವರು ಒಪ್ಪಿದರೋ ಇಲ್ಲವೋ, ಏಕೆ ಎಂಬ ಒಂದು ಸಾಲಿನ ಟಿಪ್ಪಣಿ ಕಡತದಲ್ಲಿ ಉಳಿಯಬೇಕು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಒಬ್ಬ ಅಧಿಕಾರಿಯ ಮುಂದೆ ಗಂಟೆಗೆ ಮುನ್ನೂರು ಸೂಚನೆಗಳು ಬಂದರೆ ಅವರು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತುತ್ತಾರೆ, ಆಗ ಸಹಿ ಮನುಷ್ಯರದ್ದು, ನಿರ್ಧಾರ ಯಂತ್ರದ್ದು ಎಂಬಂತಾಗುತ್ತದೆ. ತಿಂಗಳ ಕೊನೆಯಲ್ಲಿ, ಅಧಿಕಾರಿ ಯಂತ್ರದ ಮಾತನ್ನು ಎಷ್ಟು ಬಾರಿ ನಿರಾಕರಿಸಿದರು ಎಂದು ಎಣಿಸಿ. ಒಮ್ಮೆಯೂ ಇಲ್ಲವೆಂದಾದರೆ ಯಂತ್ರ ಅಷ್ಟು ಚೆನ್ನಾಗಿದೆ ಎಂದು ಸಂತೋಷಪಡಬೇಡಿ, ಯಾರೂ ನೋಡುತ್ತಿಲ್ಲವೇನೋ ಎಂದು ಪರಿಶೀಲಿಸಿ. ಯಂತ್ರದ ಮಾತನ್ನು ಮೀರಿ ಎಚ್ಚರಿಕೆ ಕೊಟ್ಟ ಅಧಿಕಾರಿಯ ಮೇಲೆ, ಆ ಎಚ್ಚರಿಕೆ ಹುಸಿಯಾಯಿತೆಂದು ಕ್ರಮ ಜರುಗಿಸುವುದಿಲ್ಲ ಎಂಬ ಭರವಸೆಯನ್ನು ಜಿಲ್ಲಾ ಮಟ್ಟದಲ್ಲಿ ಬರವಣಿಗೆಯಲ್ಲಿ ಕೊಡುವುದು ಅಗತ್ಯ. ಇಲ್ಲವಾದರೆ ತಾವು ಸೋಪಾನಕಟ್ಟೆಯ ಮೆಟ್ಟಿಲು ಮುಳುಗುವುದನ್ನು ಕಣ್ಣಾರೆ ಕಂಡರೂ ಪರದೆಯ ಹಸಿರು ಬಣ್ಣವನ್ನೇ ನಂಬಿ ಸುಮ್ಮನಿರುವವರು ಹೆಚ್ಚುತ್ತಾರೆ.

ಎಚ್ಚರಿಕೆಯ ವಾಕ್ಯವನ್ನು ಭಾಷಾ ಮಾದರಿಯಿಂದ ಆ ಗಳಿಗೆಯಲ್ಲಿ ಬರೆಸಬೇಡಿ. ಭಾಷಾ ಮಾದರಿಗಳು ಇಲ್ಲದ ಸಂಗತಿಯನ್ನು ಇದ್ದಂತೆ ನಿರರ್ಗಳವಾಗಿ ಬರೆಯಬಲ್ಲವು. ಮುಳುಗದ ಸೇತುವೆಯನ್ನು ಮುಳುಗಿಸಿ, ಮುಳುಗಿದ ಸೇತುವೆಯ ಮೇಲೆ ಜನರನ್ನು ಕಳುಹಿಸಬಲ್ಲವು. ಮಳೆಗಾಲಕ್ಕೆ ಮೊದಲೇ ಹತ್ತು ಹನ್ನೆರಡು ಸಿದ್ಧವಾಕ್ಯಗಳನ್ನು ಕನ್ನಡದಲ್ಲಿ ಬರೆದು, ಜಾಗ ಮತ್ತು ಸಮಯಕ್ಕೆ ಮಾತ್ರ ಖಾಲಿ ಬಿಡಿ. "ಹೊರಹರಿವು 80,000 ಕ್ಯುಸೆಕ್" ಎಂಬುದು ಎಂಜಿನಿಯರಿಗೆ ಅರ್ಥವಾದೀತು. "ಸಂಜೆ ಆರರೊಳಗೆ ಸ್ನಾನಘಟ್ಟದ ಮೇಲಿನ ಮೆಟ್ಟಿಲವರೆಗೆ ನೀರು ಬರಲಿದೆ, ಹೊಳೆಬೀದಿಯವರು ದನಕರುಗಳೊಂದಿಗೆ ಶಾಲೆಗೆ ಬನ್ನಿ" ಎಂಬುದು ಊರಿಗೆ ಅರ್ಥವಾಗುತ್ತದೆ. ಕಟ್ಟೆ ಬಿರುಕು ಬಿಟ್ಟಿದೆ ಎಂಬಂಥ ಕೃತಕ ವಿಡಿಯೊಗಳು ಹರಿದಾಡಿದಾಗ ನಿರಾಕರಣೆ ಕೊಡಲೂ ಒಂದು ಸಿದ್ಧವಾಕ್ಯವನ್ನು, ಅದನ್ನು ಹೊರಡಿಸುವ ಅಧಿಕಾರಿಯ ಹುದ್ದೆಯನ್ನು ಮೊದಲೇ ಗೊತ್ತುಮಾಡಿಡಿ.

ಹಂತ 6: ಹಾನಿಯ ಪಟ್ಟಿಯಿಂದ ಯಂತ್ರ ಯಾರ ಹೆಸರನ್ನೂ ತೆಗೆಯದಂತೆ ನೋಡಿಕೊಳ್ಳಿ

ಅನ್ಯಾಯ ಹೆಚ್ಚಾಗಿ ನಡೆಯುವುದು ನೀರು ಇಳಿದ ಮೇಲೆ. ಉಪಗ್ರಹ ಚಿತ್ರ ಅಥವಾ ಡ್ರೋನ್ ಚಿತ್ರವನ್ನು ಯಂತ್ರಕ್ಕೆ ಕೊಟ್ಟು ಹಾನಿಯ ನಕ್ಷೆ ಮಾಡಿಸುವುದು ಈಗ ಸಾಧ್ಯ, ದೂರದ ಹೊಲಗಳನ್ನು ಬೇಗ ಗುರುತಿಸಲು ಅದು ನಿಜಕ್ಕೂ ನೆರವಾಗುತ್ತದೆ. ಆದರೆ ಅದಕ್ಕೆ ಕಾಣದ್ದು ಏನೆಂದು ತಿಳಿದಿರಬೇಕು. ಸಾಮಾನ್ಯ ಕ್ಯಾಮೆರಾದ ಉಪಗ್ರಹಕ್ಕೆ ಮಳೆಗಾಲದ ಮೋಡ ಅಡ್ಡ. ಮೋಡದೊಳಗಿಂದ ನೋಡಬಲ್ಲ ರೇಡಾರ್ ಉಪಗ್ರಹ ನಿಂತ ನೀರನ್ನು ಗುರುತಿಸುತ್ತದೆ. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಮಂಡ್ಯದ ನಾಲಾ ಬಯಲಿನ ಗದ್ದೆಗಳೆಲ್ಲ ನಾಟಿಗೆಂದು ನೀರು ತುಂಬಿಕೊಂಡೇ ಇರುತ್ತವೆ. ಪ್ರವಾಹದ ನೀರು ಯಾವುದು, ನಾಟಿಯ ನೀರು ಯಾವುದು ಎಂದು ಯಂತ್ರಕ್ಕೆ ಸುಲಭವಾಗಿ ತಿಳಿಯದು. ಆಳೆತ್ತರದ ಕಬ್ಬಿನ ಬುಡದಲ್ಲಿ ವಾರಗಟ್ಟಲೆ ನಿಂತು ಬೇರು ಕೊಳೆಸುವ ನೀರು ಮೇಲಿನಿಂದ ಕಾಣುವುದೇ ಇಲ್ಲ. ಹೆಂಚಿನ ಸೂರು ಸರಿಯಾಗಿದ್ದು ಕೆಳಗಿನ ಮಣ್ಣಿನ ಗೋಡೆ ನೆನೆದು ಕುಸಿಯುವ ಹಂತದಲ್ಲಿರುವ ಮನೆ ಡ್ರೋನಿಗೆ "ಹಾನಿಯಿಲ್ಲ". ಅಂಥ ಮನೆಯ ಗೋಡೆ ನೀರಿಳಿದ ನಾಲ್ಕನೆಯ ದಿನದ ರಾತ್ರಿ ಬೀಳುವುದುಂಟು.

ಆದ್ದರಿಂದ ಕ್ರಮ ಹೀಗಿರಲಿ: ಯಂತ್ರ ಹಾನಿಯೆಂದು ಗುರುತಿಸಿದ ಕಡೆ ಮೊದಲು ಹೋಗಿ ಮಹಜರು ಮಾಡಿ, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಪರಿಶೀಲಿಸಿ ಬರೆದುಕೊಳ್ಳಿ. ಯಂತ್ರ ಹಾನಿಯಿಲ್ಲವೆಂದ ಕಡೆಯಿಂದ ಅರ್ಜಿ ಬಂದರೂ ಹೋಗಿ ಮಹಜರು ಮಾಡಿ. "ಚಿತ್ರದಲ್ಲಿ ಕಾಣುತ್ತಿಲ್ಲ" ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು.

ಈ ನಿಯಮವನ್ನು ಮೀರಿದವರ ಅನುಭವ ನಮ್ಮೆದುರಿಗಿದೆ. ತೆಲಂಗಾಣದಲ್ಲಿ ಸಮಗ್ರ ವೇದಿಕ ಎಂಬ ವ್ಯವಸ್ಥೆ ಹಲವು ಇಲಾಖೆಗಳ ದಾಖಲೆಗಳನ್ನು ಹೆಸರು, ವಿಳಾಸಗಳ ಹೋಲಿಕೆಯಿಂದ ಜೋಡಿಸಿ ಪಡಿತರಕ್ಕೆ ಅನರ್ಹರಾದವರನ್ನು ಗುರುತಿಸುತ್ತಿತ್ತು. ಕಾರಿನ ದಾಖಲೆಯಂಥದ್ದು ತಪ್ಪಾಗಿ ಜೋಡಣೆಯಾಗಿ ಬಡವರೂ ಪಡಿತರ ಕಳೆದುಕೊಂಡರು, ರದ್ದಾದ ಲಕ್ಷಾಂತರ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನೆದರ್‌ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಕುಟುಂಬಗಳನ್ನು, ವಿದೇಶಿ ಮೂಲದವರನ್ನು ಹೆಚ್ಚಾಗಿ, ವಂಚಕರೆಂದು ತಪ್ಪಾಗಿ ಗುರುತಿಸಿ ಹಣ ವಾಪಸು ಕೇಳಲಾಯಿತು. 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟವೇ ರಾಜೀನಾಮೆ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಸರ್ಕಾರಿ ನೆರವು ಪಡೆದವರಿಗೆ ಹೆಚ್ಚು ಹಣ ಸಂದಿದೆಯೆಂದು ವಾಪಸು ಕೇಳಿದ ರೋಬೋಡೆಟ್ ಪ್ರಕರಣದಲ್ಲಿದ್ದದ್ದು ಕೃತಕ ಬುದ್ಧಿಮತ್ತೆಯೂ ಅಲ್ಲ, ವರ್ಷದ ಆದಾಯವನ್ನು ಸರಾಸರಿಯಾಗಿ ಹಂಚುವ ಸರಳ ಲೆಕ್ಕ. ಮನುಷ್ಯರ ಪರಿಶೀಲನೆಯನ್ನು ಕಿತ್ತುಹಾಕಿದ್ದರಿಂದಲೇ ಲಕ್ಷಾಂತರ ಜನರ ತಲೆಯ ಮೇಲೆ ಇಲ್ಲದ ಸಾಲ ಬಂದು ಕೂತಿತು. ಮೂರರಲ್ಲೂ ಯಂತ್ರಕ್ಕೆ ಒಪ್ಪಿಸಿದ ಕೆಲಸ ಅನರ್ಹರನ್ನು ಹುಡುಕುವುದಾಗಿತ್ತು. ಅರ್ಹರಾಗಿಯೂ ಬಿಟ್ಟುಹೋದವರನ್ನು ಹುಡುಕಲು ಅದೇ ಯಂತ್ರವನ್ನು ಹಚ್ಚಬಹುದಲ್ಲ ಎಂದು ನನಗೆ ಅನ್ನಿಸುತ್ತದೆ: ಅಕ್ಕಪಕ್ಕದ ನಾಲ್ಕು ಹೊಲಗಳಿಗೆ ಪರಿಹಾರ ಸಿಕ್ಕಿ ನಡುವಿನ ಒಂದಕ್ಕೆ ಸಿಗದಿದ್ದರೆ ಅದನ್ನು ಎತ್ತಿ ತೋರಿಸುವ ತಂತ್ರಾಂಶ ಬರೆಯುವುದು ಕಷ್ಟವೇನಲ್ಲ.

ಹಂತ 7: ಜನರಿಗೆ ತಿಳಿಸಿ, ಪ್ರಶ್ನಿಸುವ ದಾರಿ ತೋರಿಸಿ

ಪಂಚಾಯಿತಿಯ ಸೂಚನಾ ಫಲಕದಲ್ಲಿ ಒಂದು ಪುಟ ಹಾಕಿ: ಯಾವ ಕೆಲಸಕ್ಕೆ ಯಂತ್ರ ಬಳಸುತ್ತಿದ್ದೇವೆ, ಯಾವ ಮಾಹಿತಿಯನ್ನು ಅದಕ್ಕೆ ಕೊಡುತ್ತೇವೆ, ಅಂತಿಮ ನಿರ್ಧಾರ ಯಾರದ್ದು, ತಪ್ಪಾದರೆ ಯಾರ ಬಳಿ, ಎಷ್ಟು ದಿನದೊಳಗೆ ಹೇಳಬೇಕು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ತಿಳಿಗನ್ನಡದಲ್ಲಿ ಬರೆದುಕೊಡಿ. "ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ" ಎಂಬುದು ಕಾರಣವಾಗಲಾರದು. ತನ್ನ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೆಂದು ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಡಿ) ಸೆಕ್ಷನ್ ಹೇಳುತ್ತದೆ.

ನೀವು ಅರ್ಜಿದಾರರಾಗಿದ್ದರೆ ಮೊದಲು ಸ್ಥಳ ಪರಿಶೀಲನೆ ಕೋರಿ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಳಿಕ ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬರಬೇಕು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ 48 ಗಂಟೆಗಳಲ್ಲಿ. "ತಂತ್ರಾಂಶದ ವಿವರ ಕೊಡಿ" ಎಂದು ಕೇಳಿದರೆ ಪ್ರಯೋಜನವಾಗದು. "ನನ್ನ ಸರ್ವೆ ನಂಬರಿನ ಹಾನಿಯ ಅಂದಾಜಿಗೆ ಬಳಸಿದ ಚಿತ್ರದ ದಿನಾಂಕ, ಮಹಜರಿನ ಪ್ರತಿ, ನಿರ್ಧಾರಕ್ಕೆ ಸಹಿ ಹಾಕಿದ ಅಧಿಕಾರಿಯ ಹುದ್ದೆ" ಎಂದು ಗುರುತಿಟ್ಟು ಕೇಳಿ.

ಹಂತ 8: ಯಂತ್ರವಿಲ್ಲದೆ ಒಂದು ದಿನ ಅಭ್ಯಾಸ ಮಾಡಿ

ಹೊಳೆ ಉಕ್ಕಿದ ರಾತ್ರಿ ಕರೆಂಟು ಹೋಗುತ್ತದೆ, ಟವರ್ ಸ್ತಬ್ಧವಾಗುತ್ತದೆ. ಮೇ ತಿಂಗಳಲ್ಲೇ ಒಂದು ದಿನ ಎಲ್ಲ ಪರದೆಗಳನ್ನು ಆರಿಸಿ, ನಿಯಂತ್ರಣ ಕೊಠಡಿಯಿಂದ ಹೊಳೆಬೀದಿಯ ಕೊನೆಯ ಮನೆಗೆ ಸುದ್ದಿ ತಲುಪಲು ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಡಂಗುರ, ದೇವಸ್ಥಾನ ಮತ್ತು ಮಸೀದಿಯ ಮೈಕು, ವೈರ್‌ಲೆಸ್, ತೆಪ್ಪದವರು, ಯಾರು ಯಾರನ್ನು ಎಬ್ಬಿಸಬೇಕೆಂಬ ಕಾಗದದ ಪಟ್ಟಿ ಇವೆಲ್ಲ ಅಂದು ಬಳಕೆಯಾಗಲಿ. ಯಂತ್ರ ಬಂದ ಮೇಲೆ ಈ ಅಭ್ಯಾಸವನ್ನು ಕೈಬಿಟ್ಟ ಊರು ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಹಂತ 9: ಒಪ್ಪಂದ ಮತ್ತು ಅಳಿಸುವಿಕೆ

ಕಂಪನಿಯೊಂದಿಗಿನ ಕರಾರಿನಲ್ಲಿ ಈ ಅಂಶಗಳು ಬರವಣಿಗೆಯಲ್ಲಿರಲಿ: ಜನರ ದತ್ತಾಂಶ ಸರ್ಕಾರದ್ದು, ಅದರಿಂದ ಕಂಪನಿ ತನ್ನ ಬೇರೆ ಮಾದರಿಗಳಿಗೆ ತರಬೇತಿ ಕೊಡುವಂತಿಲ್ಲ, ತಪ್ಪಿದ ಮತ್ತು ಹುಸಿಯಾದ ಎಚ್ಚರಿಕೆಗಳ ಲೆಕ್ಕವನ್ನು ಪ್ರತಿ ಮಳೆಗಾಲದ ನಂತರ ಬಹಿರಂಗಪಡಿಸಬೇಕು, ಯಂತ್ರವನ್ನು ಬದಲಿಸಿದರೆ ನಾಲ್ಕನೆಯ ಹಂತದ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಕಾಳಜಿ ಕೇಂದ್ರ ಮುಚ್ಚಿ, ಪರಿಹಾರ ಪಾವತಿಯಾಗಿ, ಮೇಲ್ಮನವಿಗಳೂ ಲೆಕ್ಕಪರಿಶೋಧನೆಯೂ ಮುಗಿದ ಮೇಲೆ, ಕಾನೂನಿನಂತೆ ಉಳಿಸಲೇಬೇಕಾದ ಕಡತಗಳನ್ನು ಬಿಟ್ಟು ಮಿಕ್ಕ ವೈಯಕ್ತಿಕ ವಿವರಗಳನ್ನು ಯಾವ ದಿನಾಂಕದೊಳಗೆ ಅಳಿಸಬೇಕು, ಅಳಿಸಿದ್ದನ್ನು ಯಾರು ದೃಢೀಕರಿಸಬೇಕು ಎಂಬುದನ್ನು ಯೋಜನೆ ಆರಂಭವಾಗುವ ದಿನದ ಆದೇಶದಲ್ಲಿಯೇ ನಮೂದಿಸಿ. ನೀರು ಇಳಿದ ಮೇಲೆ ಅದನ್ನು ನೆನಪಿಸಿಕೊಳ್ಳುವವರು ಕಚೇರಿಯಲ್ಲಿ ಸಿಗುವುದು ಕಷ್ಟ.